ಬಡಿತ ಇಳಿದಾಗ: ಹೆರಿಗೆ ಹೊತ್ತಿನಲ್ಲಿ ಮಗುವಿನ ಎದೆಬಡಿತವನ್ನು ಓದುವ ಬಗೆ

"ಮಗುವಿನ ಹಾರ್ಟ್‌ಬೀಟ್ ಡ್ರಾಪ್ ಆಗ್ತಿದೆ, ಸಿಸೇರಿಯನ್ ಮಾಡಬೇಕಾಗಬಹುದು." ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತ ಮನೆಯವರ ಎದೆ ಒಡೆಯುವ ಮಾತಿದು. ಕೆಲವರಿಗೆ ಇದನ್ನು ಕೇಳಿ ಕೈಕಾಲು ಆಡುವುದಿಲ್ಲ. ಇನ್ನು ಕೆಲವರಿಗೆ, ಇದು ಆಪರೇಷನ್ ಮಾಡಲು ಹೂಡಿದ ನೆಪವೇನೋ ಎಂಬ ಅನುಮಾನ. ಆದರೆ ಹೆರಿಗೆ ನೋವಿನಲ್ಲಿ ಹೆಚ್ಚಿನ ಮಕ್ಕಳ ಬಡಿತ ಯಾವುದೋ ಒಂದು ಹೊತ್ತಿನಲ್ಲಿ ಇಳಿದೇ ಇಳಿಯುತ್ತದೆ. ಯಾವ ಇಳಿಕೆಯನ್ನು ನೋಡಿ ಸುಮ್ಮನಿರಬೇಕು, ಯಾವುದನ್ನು ಕಂಡೊಡನೆ ಥಿಯೇಟರಿಗೆ ಓಡಬೇಕು ಎಂದು ಬೇರ್ಪಡಿಸಲು ವೈದ್ಯರು ಅರವತ್ತು ವರ್ಷಗಳಿಂದ ಒಂದು ವರ್ಗೀಕರಣವನ್ನು ಕಟ್ಟುತ್ತ, ತಿದ್ದುತ್ತ ಬಂದಿದ್ದಾರೆ. ಮಗುವಿಗೆ ಈಗ ಆಮ್ಲಜನಕ ಸಾಕಷ್ಟು ಸಿಗುತ್ತಿದೆ ಎಂದು ಎಷ್ಟು ಧೈರ್ಯವಾಗಿ ಹೇಳಬಹುದು ಎಂಬುದನ್ನು ಅಳೆಯುವ ಕ್ರಮ ಅದು.

ನೋವು ಬಂದಾಗ ಒಳಗೆ ಆಗುವುದೇನು

ಗರ್ಭದಲ್ಲಿರುವ ಮಗುವಿನ ಉಸಿರಾಟವೆಲ್ಲ ಮಾಸಿನ ಮೂಲಕ. ತಾಯಿಯ ರಕ್ತ ಗರ್ಭಕೋಶದ ಸ್ನಾಯುಗಳ ನಡುವೆ ನುಸುಳಿ ಮಾಸಿನ ತಳಕ್ಕೆ ಬರುತ್ತದೆ. ಅಲ್ಲಿ ಮಗುವಿನ ರಕ್ತ ಆಮ್ಲಜನಕವನ್ನು ಎತ್ತಿಕೊಂಡು ಹೊಕ್ಕುಳುಬಳ್ಳಿಯಲ್ಲಿ ಹಿಂದಿರುಗುತ್ತದೆ. ಹೆರಿಗೆ ನೋವು ಎಂದರೆ ಈ ಸ್ನಾಯುಗಳು ಬಿಗಿಯುವುದು. ಬಿಗಿದಾಗ ಅವುಗಳ ನಡುವಿನ ರಕ್ತನಾಳಗಳೂ ಹಿಂಡಲ್ಪಟ್ಟು ಮಾಸಿಗೆ ಬರುವ ರಕ್ತ ತೀರ ಕಡಿಮೆಯಾಗುತ್ತದೆ, ನೋವು ಜೋರಾಗಿದ್ದರೆ ಸ್ವಲ್ಪ ಹೊತ್ತು ನಿಂತೇ ಹೋಗುತ್ತದೆ. ನೋವು ಸಡಿಲಿದಾಗ ಮತ್ತೆ ಹರಿಯುತ್ತದೆ. ಕೆರೆಯಲ್ಲಿ ಮುಳುಗು ಹಾಕುವ ಹುಡುಗ ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗುವ ಹಾಗೆ, ಮಗು ಪ್ರತಿ ನೋವಿಗೂ ಒಂದು ಮುಳುಗು ಹಾಕಿ ಏಳುತ್ತಿರುತ್ತದೆ. ಆರೋಗ್ಯವಂತ ಮಗುವಿಗೆ, ನಡುವೆ ಬಿಡುವು ಸಿಕ್ಕರೆ, ಇದನ್ನು ಗಂಟೆಗಟ್ಟಲೆ ತಾಳುವ ಶಕ್ತಿ ಇದೆ. ಮಾಸು ಮೊದಲೇ ಸೊರಗಿದ್ದರೆ, ಮಗು ತೂಕವಿಲ್ಲದೆ ಬಡವಾಗಿದ್ದರೆ, ಇಲ್ಲವೆ ನೋವಿನ ಮೇಲೆ ನೋವು ಬಂದು ಬಿಡುವೇ ಸಿಗದಿದ್ದರೆ ಆ ಶಕ್ತಿ ಬೇಗ ಕರಗುತ್ತದೆ.

ಆಮ್ಲಜನಕ ಕಡಿಮೆಯಾದೊಡನೆ ಮಗುವಿನ ಕುತ್ತಿಗೆಯ ದೊಡ್ಡ ರಕ್ತನಾಳಗಳ ಬಳಿಯಿರುವ ಸಂವೇದಕಗಳು ಅದನ್ನು ಗ್ರಹಿಸಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮೆದುಳು ವೇಗಸ್ ನರದ ಮೂಲಕ ಹೃದಯವನ್ನು ನಿಧಾನಗೊಳಿಸುತ್ತದೆ. ನಿಧಾನವಾದ ಹೃದಯಕ್ಕೆ ಆಮ್ಲಜನಕದ ಖರ್ಚು ಕಡಿಮೆ. ಅದೇ ಹೊತ್ತಿಗೆ ಕೈಕಾಲು, ಕರುಳುಗಳಿಗೆ ಹೋಗುವ ರಕ್ತವನ್ನು ತಗ್ಗಿಸಿ ಮೆದುಳು ಮತ್ತು ಹೃದಯಕ್ಕೆ ಹೆಚ್ಚು ಹರಿಸಲಾಗುತ್ತದೆ. ಅಂದಮೇಲೆ ಬಡಿತ ಇಳಿಯುವುದು ಮಗುವಿನ ರಕ್ಷಣೋಪಾಯ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಮುಂದಿನ ವರ್ಗೀಕರಣವೆಲ್ಲ ತಾನಾಗಿ ಅರ್ಥವಾಗುತ್ತದೆ.

ಕಿವಿಯಿಂದ ಕಾಗದಕ್ಕೆ

ಗರ್ಭದೊಳಗಿನ ಬಡಿತವನ್ನು ಹೊಟ್ಟೆಯ ಮೇಲೆ ಕಿವಿಯಿಟ್ಟು ಕೇಳಬಹುದು ಎಂದು ಜಿನೀವಾದ ಫ್ರಾಂಸ್ವಾ ಮೇಯರ್ 1818ರಲ್ಲಿ ತಿಳಿಸಿದ. 1821ರಲ್ಲಿ ಪ್ಯಾರಿಸ್ಸಿನ ಕೆರ್ಗಾರಾಡೆಕ್, ಆಗಷ್ಟೇ ಬಳಕೆಗೆ ಬಂದಿದ್ದ ಸ್ಟೆತೊಸ್ಕೋಪನ್ನು ಗರ್ಭಿಣಿಯ ಹೊಟ್ಟೆಗೆ ಹಚ್ಚಿದ. ಗರ್ಭಜಲದ ಸದ್ದು ಕೇಳಿಸೀತೆಂದು ಕಾದವನ ಕಿವಿಗೆ ಬಿದ್ದದ್ದು ಮಗುವಿನ ಹೃದಯದ ಜೋಡಿ ಸದ್ದು. ಅದೇ ಶತಮಾನದ ಕೊನೆಯಲ್ಲಿ ಅಡೋಲ್ಫ್ ಪಿನಾರ್ಡ್ ರೂಪಿಸಿದ ಚಿಕ್ಕ ತುತ್ತೂರಿಯಂಥ ಕೊಳವೆ ಇವತ್ತಿಗೂ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹೆರಿಗೆ ಟ್ರೇಯಲ್ಲಿ ಕಾಣಸಿಗುತ್ತದೆ. ಅದಕ್ಕೆ ಬ್ಯಾಟರಿ ಬೇಡ, ವಿದ್ಯುತ್ತೂ ಬೇಡ.

ಕಿವಿಗೆ ಸಿಗುವುದು ಎಣಿಕೆ ಮಾತ್ರ. ನೋವು ಬಿಗಿಯುತ್ತಿರುವಾಗ, ತಾಯಿ ನರಳುತ್ತಿರುವಾಗ ಕೊಳವೆಯಲ್ಲಿ ಸರಿಯಾಗಿ ಕೇಳುವುದೂ ಇಲ್ಲ. ಬಡಿತವನ್ನು ಬಿಡದೆ ಕಾಗದದ ಮೇಲೆ ಮೂಡಿಸುವ ಕೆಲಸಕ್ಕೆ ಅಮೆರಿಕದ ಯೇಲ್‌ನಲ್ಲಿ ಎಡ್ವರ್ಡ್ ಹಾನ್, ಉರುಗ್ವೆಯ ಮಾಂಟೆವಿಡಿಯೊದಲ್ಲಿ ರಾಬರ್ಟೊ ಕಾಲ್ಡೈರೊ-ಬಾರ್ಸಿಯ, ಜರ್ಮನಿಯಲ್ಲಿ ಕೊನ್ರಾಡ್ ಹಮ್ಮಾಕರ್ 1950 ಮತ್ತು 60ರ ದಶಕಗಳಲ್ಲಿ ಕೈಹಾಕಿದರು. ಇಳಿಕೆಗಳನ್ನು ನೋವಿನ ಹೊತ್ತಿಗೆ ಜೋಡಿಸಿ ನೋಡಬೇಕೆಂಬ ಮುಖ್ಯ ಹೊಳಹು ಹಾನ್ ಮತ್ತು ಕಾಲ್ಡೈರೊ-ಬಾರ್ಸಿಯ ಇಬ್ಬರಿಗೂ ಬೇರೆ ಬೇರೆಯಾಗಿ ಹೊಳೆದಿತ್ತು. 1960ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದ ಯಂತ್ರಗಳು ಮುಂದೆ ಕಾರ್ಡಿಯೊಟೋಕೊಗ್ರಾಫ್ ಎನಿಸಿದವು, ಆಸ್ಪತ್ರೆಯ ಮಾತಿನಲ್ಲಿ ಸಿಟಿಜಿ.

ಕಾಗದದ ಮೇಲಿನ ಎರಡು ರೇಖೆಗಳು

ಹೊಟ್ಟೆಗೆ ಎರಡು ಪಟ್ಟಿ ಕಟ್ಟುತ್ತಾರೆ. ಮಗುವಿನ ಬೆನ್ನು ಇರುವ ಕಡೆ ಇಡುವ ಬಿಲ್ಲೆ ಅಲ್ಟ್ರಾಸೌಂಡ್‌ನಿಂದ ಬಡಿತ ಹಿಡಿಯುತ್ತದೆ, ಅದಕ್ಕೇ ಜೆಲ್ ಹಚ್ಚುವುದು. ಹೊಟ್ಟೆಯ ಮೇಲ್ತುದಿಯಲ್ಲಿಡುವ ಇನ್ನೊಂದು ಬಿಲ್ಲೆ ಗರ್ಭಕೋಶ ಬಿಗಿದದ್ದನ್ನು ಒತ್ತಡದಿಂದ ಗ್ರಹಿಸುತ್ತದೆ. ಹೊರಬರುವ ಕಾಗದದ ಮೇಲಿನ ಅರ್ಧದಲ್ಲಿ ಬಡಿತದ ರೇಖೆ, ಕೆಳಗಿನ ಅರ್ಧದಲ್ಲಿ ನೋವಿನ ಗುಡ್ಡಗಳು. ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತಿದೆ ಎಂಬುದನ್ನು ಕೆಳಗಿನ ರೇಖೆ ಹೇಳೀತು. ಎಷ್ಟು ಬಿಗಿಯಾಗಿದೆ ಎಂದು ತಿಳಿಯಲು ಹೊಟ್ಟೆಯ ಮೇಲೆ ಕೈಯಿಟ್ಟೇ ನೋಡಬೇಕು.

ಕಾಗದ ಓಡುವ ವೇಗ ಎಲ್ಲ ಕಡೆ ಒಂದೇ ಇಲ್ಲ. ಅಮೆರಿಕ ಮತ್ತು ಜಪಾನಿನಲ್ಲಿ ನಿಮಿಷಕ್ಕೆ 3 ಸೆಂಟಿಮೀಟರ್, ಯುರೋಪಿನ ಬಹುಪಾಲು ದೇಶಗಳಲ್ಲಿ 1 ಸೆಂಟಿಮೀಟರ್. ಒಂದೇ ಮಗುವಿನ ಬಡಿತ ನಿಧಾನವಾಗಿ ಓಡುವ ಕಾಗದದಲ್ಲಿ ಚೂಪಾಗಿ, ವೇಗವಾಗಿ ಓಡುವುದರಲ್ಲಿ ಎಳೆದ ಹಾಗೆ ಸಪಾಟಾಗಿ ಕಾಣುತ್ತದೆ. ಯಂತ್ರದ ವೇಗ ನೋಡದೆ ರೇಖೆಯ ಮೇಲೆ ತೀರ್ಪು ಕೊಡುವುದು ಅಪಾಯ.

ಮೊದಲು ನೋಡಬೇಕಾದದ್ದು ಮೂಲ ದರ. ಏರಿಕೆ ಇಳಿಕೆಗಳನ್ನು ಬಿಟ್ಟು, 10 ನಿಮಿಷದ ರೇಖೆಯಲ್ಲಿ ಬಡಿತ ಸರಾಸರಿ ಎಲ್ಲಿ ನಿಂತಿದೆ ಎಂಬ ಲೆಕ್ಕ ಅದು. ನಿಮಿಷಕ್ಕೆ 110ರಿಂದ 160 ಸಹಜ. 160 ದಾಟಿ 10 ನಿಮಿಷ ನಿಂತರೆ ಬಡಿತ ಹೆಚ್ಚಾಗಿದೆ ಎನ್ನುತ್ತಾರೆ. ತಾಯಿಗೆ ಜ್ವರ, ಗರ್ಭದೊಳಗೆ ಸೋಂಕು, ನಿರ್ಜಲೀಕರಣ, ಕೆಲವು ಔಷಧಿಗಳು ಇದಕ್ಕೆ ಕಾರಣವಾಗಬಹುದು. ಮಗು ದಣಿಯುತ್ತಿರುವುದರ ಮೊದಲ ಸುಳಿವೂ ಆಗಿರಬಹುದು. 110ಕ್ಕಿಂತ ಕೆಳಗೆ ನಿಂತರೆ ಬಡಿತ ಕಡಿಮೆಯಾಗಿದೆ ಎಂದರ್ಥ. ದಿನ ತುಂಬಿದ ಕೆಲವು ಮಕ್ಕಳಿಗೆ 100ರ ಮೇಲೆ 105ರ ಆಸುಪಾಸೇ ಹುಟ್ಟುಗುಣ. ಇಲ್ಲೊಂದು ಬಲೆಯೂ ಇದೆ. ಪಟ್ಟಿ ಜಾರಿದಾಗ ಯಂತ್ರ ಮಗುವನ್ನು ಬಿಟ್ಟು ತಾಯಿಯ ನಾಡಿಯನ್ನೇ ಹಿಡಿದು ದಾಖಲಿಸಿಬಿಡುತ್ತದೆ. ನೋವು ತಿನ್ನುವ ತಾಯಿಯ ನಾಡಿ 120, 130 ಇರುವುದು ಅಪರೂಪವೇನಲ್ಲ. ಕಾಗದದ ಮೇಲೆ ಎಲ್ಲ ಚೆನ್ನಾಗಿ ಕಾಣುತ್ತಿದ್ದು ಮಗು ಮಾತ್ರ ಕಷ್ಟದಲ್ಲಿದ್ದ ಪ್ರಸಂಗಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಪಟ್ಟಿ ಕಟ್ಟುವಾಗ ತಾಯಿಯ ಮಣಿಕಟ್ಟು ಹಿಡಿದು ನಾಡಿ ನೋಡುವ ನರ್ಸ್ ಈ ಒಂದು ಅಭ್ಯಾಸದಿಂದಲೇ ಜೀವ ಉಳಿಸುತ್ತಾಳೆ.

ಮೂಲ ದರಕ್ಕಿಂತ ಹೆಚ್ಚು ಬೆಲೆಬಾಳುವುದು ವೇರಿಯಬಿಲಿಟಿ, ಅಂದರೆ ರೇಖೆಯ ಒಳ ಏರಿಳಿತ. ಚೆನ್ನಾಗಿರುವ ಮಗುವಿನ ಬಡಿತ ಒಂದೇ ಅಂಕಿಗೆ ಅಂಟಿಕೊಳ್ಳುವುದಿಲ್ಲ: 138, 144, 135, 147 ಹೀಗೆ ಕ್ಷಣಕ್ಷಣಕ್ಕೂ ಆಡುತ್ತಿರುತ್ತದೆ. ಹೃದಯವನ್ನು ಚುರುಕುಗೊಳಿಸುವ ನರಗಳು ಒಂದು ಕಡೆ, ತಡೆಯುವ ವೇಗಸ್ ಇನ್ನೊಂದು ಕಡೆ, ಇವೆರಡರ ಎಳೆದಾಟದಿಂದ ರೇಖೆ ಹಲ್ಲುಹಲ್ಲಾಗಿ ಕಾಣುತ್ತದೆ. ಆ ಎಳೆದಾಟ ನಡೆಯುತ್ತಿದೆ ಎಂದರೆ ಮೆದುಳಿಗೆ ಆಮ್ಲಜನಕ ಸಿಗುತ್ತಿದೆ ಎಂದೇ ಅರ್ಥ. ಮೇಲಿನ ತುದಿಗೂ ಕೆಳಗಿನ ತುದಿಗೂ ನಡುವಿನ ಅಂತರ 6ರಿಂದ 25 ಇದ್ದರೆ ಸಾಧಾರಣ, 5 ಅಥವಾ ಅದಕ್ಕಿಂತ ಕಡಿಮೆಯಾದರೆ ಅಲ್ಪ, ಕಣ್ಣಿಗೆ ಕಾಣದಷ್ಟಾದರೆ ಇಲ್ಲವೆಂದೇ ಲೆಕ್ಕ, 25 ದಾಟಿದರೆ ಅತಿ. ಮಗು ನಿದ್ದೆ ಹೋದಾಗಲೂ ಏರಿಳಿತ ಕಡಿಮೆಯಾಗುತ್ತದೆ, ಆದರೆ ಆ ನಿದ್ದೆ ಸಾಮಾನ್ಯವಾಗಿ 20ರಿಂದ 40 ನಿಮಿಷದ್ದು. ನೋವು ತಗ್ಗಿಸಲು ಕೊಡುವ ಪೆಥಿಡಿನ್, ಬಿಪಿ ಏರಿ ಫಿಟ್ಸ್ ಬಾರದಿರಲೆಂದು ಕೊಡುವ ಮೆಗ್ನೀಸಿಯಂ ಸಲ್ಫೇಟ್ ಕೂಡ ರೇಖೆಯನ್ನು ಮಟ್ಟಸ ಮಾಡುತ್ತವೆ. ಕೇಸ್ ಶೀಟ್ ನೋಡದೆ ರೇಖೆ ಓದಬಾರದು ಎನ್ನುವುದು ಇದಕ್ಕೇ.

ಮೂರನೆಯದು ಏರಿಕೆ. ಮಗು ಮಿಸುಕಿದಾಗ ಬಡಿತ 15ರಷ್ಟು ಮೇಲೇರಿ ಕನಿಷ್ಠ 15 ಸೆಕೆಂಡು ನಿಂತರೆ ಅದನ್ನು ಏರಿಕೆ ಎನ್ನುತ್ತಾರೆ. 32 ವಾರ ತುಂಬದ ಮಗುವಿಗೆ 10 ಬಡಿತ, 10 ಸೆಕೆಂಡು ಸಾಕು. ಏರಿಕೆ ಕಂಡರೆ ಆ ಗಳಿಗೆಯಲ್ಲಿ ಮಗುವಿನ ರಕ್ತ ಆಮ್ಲೀಯವಾಗಿಲ್ಲ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಹೆರಿಗೆಯ ನಡುವೆ ಅದು ಕಾಣದಿದ್ದ ಮಾತ್ರಕ್ಕೆ ಗಾಬರಿಪಡಬೇಕಿಲ್ಲ.

ಇಳಿಕೆಗಳು: ಆಳಕ್ಕಿಂತ ಹೊತ್ತು ಮುಖ್ಯ

ಹೆರಿಗೆ ವಾರ್ಡಿನ ಮಾತಿನಲ್ಲಿ "ಡಿಸೆಲ್" ಎನ್ನುವ ಡಿಸೆಲರೇಷನ್‌ಗಳನ್ನು ಗುರುತಿಸಲು ಎರಡು ಪ್ರಶ್ನೆ ಸಾಕು. ಇಳಿಯಲು ಶುರುವಾಗಿ ತಳ ಮುಟ್ಟುವುದಕ್ಕೆ 30 ಸೆಕೆಂಡಿಗಿಂತ ಹೆಚ್ಚು ಹಿಡಿಯಿತೇ, ಕಡಿಮೆಯೇ? ತಳ ಮುಟ್ಟಿದ್ದು ನೋವಿನ ತುದಿಯಲ್ಲಿಯೋ, ಅದು ಕಳೆದ ಮೇಲೋ?

ನಿಧಾನವಾಗಿ ಇಳಿದು, ನೋವಿನ ತುದಿಯಲ್ಲೇ ತಳ ಮುಟ್ಟಿ, ನೋವಿನ ಜೊತೆಗೇ ಮೇಲೇರಿದರೆ ಅದು ಅರ್ಲಿ. ಮೇಲಿನ ರೇಖೆ ಕೆಳಗಿನ ಗುಡ್ಡದ ಕನ್ನಡಿ ಬಿಂಬದಂತಿರುತ್ತದೆ. ತಲೆ ಕೆಳಗಿಳಿದು ಒತ್ತಿದಾಗ ಬರುವ ಪ್ರತಿಕ್ರಿಯೆ ಎಂದು ಪಠ್ಯಗಳು ಹೇಳುತ್ತವೆ. ಇದರಿಂದ ಅಪಾಯವಿಲ್ಲ.

ತಟ್ಟನೆ ಬಿದ್ದು ತಟ್ಟನೆ ಏಳುವುದು ವೇರಿಯಬಲ್. ಬಡಿತ 30 ಸೆಕೆಂಡಿನೊಳಗೆ 15 ಅಥವಾ ಅದಕ್ಕೂ ಹೆಚ್ಚು ಕುಸಿದು, 15 ಸೆಕೆಂಡಾದರೂ ನಿಂತು, 2 ನಿಮಿಷದೊಳಗೆ ಮೇಲೇರುತ್ತದೆ. ಹೊಕ್ಕುಳುಬಳ್ಳಿ ಎಲ್ಲೋ ಒತ್ತಿಕೊಂಡಾಗ ಹೀಗಾಗುತ್ತದೆ. ನೀರು ಹೋದ ಮೇಲೆ, ಅಂದರೆ ಗರ್ಭಜಲದ ಚೀಲ ಒಡೆದ ಮೇಲೆ, ಬಳ್ಳಿಗಿದ್ದ ಮೆತ್ತನೆಯ ಆಸರೆ ತಪ್ಪುವುದರಿಂದ ಇದು ಹೆಚ್ಚು. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರೇಖೆ 140ರಲ್ಲಿ ಆಡುತ್ತಿದೆ. ನೋವು ಶುರುವಾಗುತ್ತಲೇ 150ಕ್ಕೆ ಒಂದು ಚಿಕ್ಕ ಏರು, ಮರುಕ್ಷಣ 85ಕ್ಕೆ ನೆಟ್ಟಗೆ ಇಳಿತ, 40 ಸೆಕೆಂಡಿನಲ್ಲಿ ಮತ್ತೆ 150ರ ಚಿಕ್ಕ ಏರು ಹತ್ತಿ 140ಕ್ಕೆ ವಾಪಸು. ನೋಡಿದವರ ಮೈ ಜುಂ ಎನ್ನುವಷ್ಟು ಆಳದ ಹೊಂಡ. ಹಾಗಿದ್ದರೂ ಹೊಂಡದ ಎರಡೂ ದಡಗಳಲ್ಲಿ ರೇಖೆ ಹಲ್ಲುಹಲ್ಲಾಗಿ ಜೀವಂತವಾಗಿದ್ದರೆ, ಈ ಮಗು ಒತ್ತಡವನ್ನು ಚೆನ್ನಾಗಿ ನಿಭಾಯಿಸುತ್ತಿದೆ.

ಈಗ ಇನ್ನೊಂದು ಕಾಗದ. ಮೂಲ ದರ 155. ನೋವು ತುದಿ ಮುಟ್ಟುವವರೆಗೆ ರೇಖೆ ಅಲುಗುವುದೇ ಇಲ್ಲ. ತುದಿ ದಾಟಿದ ಮೇಲೆ ಮೆಲ್ಲಗೆ 140ಕ್ಕೆ ಜಾರಿ, ನೋವು ಪೂರ್ತಿ ಸಡಿಲಿದ ಮೇಲೂ ತಡವರಿಸಿ, ಆಮೇಲೆ ಏರುತ್ತದೆ. ಇಳಿದದ್ದು ಬರೀ 15. ಹೊಸಬರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಇದೇ ಲೇಟ್ ಡಿಸೆಲರೇಷನ್. ನೋವಿನ ಹೊತ್ತಿನಲ್ಲಿ ಮಾಸಿನಿಂದ ಬರುವ ಆಮ್ಲಜನಕ ಮಗುವಿಗೆ ಸಾಲುತ್ತಿಲ್ಲ ಎಂಬುದರ ಗುರುತು. ನೋವು ನೋವಿಗೂ ಇದು ಮರುಕಳಿಸುತ್ತ ಹೋಗಿ, ರೇಖೆಯ ಹಲ್ಲುಗಳು ಸವೆದು ಗೆರೆ ಮಟ್ಟಸವಾದರೆ, ಹೆರಿಗೆ ವಾರ್ಡಿನಲ್ಲಿ ಇದಕ್ಕಿಂತ ಕೆಟ್ಟ ಕಾಗದ ಹೆಚ್ಚೇನೂ ಇಲ್ಲ. 85ಕ್ಕೆ ಬಿದ್ದ ಮಗು ಕ್ಷೇಮವಾಗಿದ್ದು 140ಕ್ಕೆ ಇಳಿದ ಮಗು ಅಪಾಯದಲ್ಲಿರಬಹುದು ಎಂಬುದನ್ನು ಕಿರಿಯ ವೈದ್ಯರಿಗೆ ಎಷ್ಟು ಸಲ ಹೇಳಿಕೊಟ್ಟರೂ ಕಡಿಮೆಯೇ.

ಬಳ್ಳಿ, ತಲೆ, ಮಾಸು ಎಂಬ ಈ ಮೂರು ಕಾರಣಗಳ ಪಾಠ ಕಂಠಪಾಠಕ್ಕೆ ಅನುಕೂಲ. ಗರ್ಭದ ಕುರಿಮರಿಗಳ ಮೇಲೆ ಬಹುಕಾಲ ಪ್ರಯೋಗ ನಡೆಸಿದ ನ್ಯೂಜಿಲೆಂಡಿನ ಸಂಶೋಧಕರು ಈ ವಿಂಗಡಣೆ ಅಷ್ಟು ಸರಳವಲ್ಲ, ಹೆರಿಗೆಯ ಬಹುತೇಕ ಇಳಿಕೆಗಳು ಆಮ್ಲಜನಕದ ಕೊರತೆಗೆ ಕುತ್ತಿಗೆಯ ಸಂವೇದಕಗಳು ತೋರುವ ಒಂದೇ ಪ್ರತಿಕ್ರಿಯೆಯ ರೂಪಗಳು ಎಂದು ವಾದಿಸಿದ್ದಾರೆ. ನನಗೆ ಈ ವಾದ ಒಪ್ಪಿಗೆಯಾಗುತ್ತದೆ. ಹೆಸರಿಗಿಂತ ಮಗು ಎಷ್ಟು ಚೇತರಿಸಿಕೊಳ್ಳುತ್ತಿದೆ ಎಂಬುದರ ಕಡೆ ಅದು ಕಣ್ಣು ತಿರುಗಿಸುತ್ತದೆ.

ಇನ್ನೆರಡು ಬಗೆ ಉಳಿದವು. ಬಡಿತ ಇಳಿದು 2 ನಿಮಿಷ ದಾಟಿ 10 ನಿಮಿಷದೊಳಗೆ ಏರಿದರೆ ದೀರ್ಘ ಇಳಿಕೆ. 10 ನಿಮಿಷವೂ ಏರದಿದ್ದರೆ ಮೂಲ ದರವೇ ಬದಲಾಗಿದೆ ಎಂದು ತಿಳಿಯಬೇಕು. ಸೈನುಸಾಯ್ಡಲ್ ಎಂಬುದು ನಿಮಿಷಕ್ಕೆ 3ರಿಂದ 5 ಅಲೆಗಳಂತೆ 20 ನಿಮಿಷವೋ ಹೆಚ್ಚೋ ಸಾಗುವ ನಯವಾದ ಅಲೆರೇಖೆ. ನೋಡಲು ಅಂದವಾಗಿದ್ದರೂ ಮಗುವಿಗೆ ತೀವ್ರ ರಕ್ತಹೀನತೆ ಇದ್ದಾಗ ಕಾಣಿಸಿಕೊಳ್ಳುವಂಥದ್ದು. ಆರ್‌ಎಚ್ ನೆಗೆಟಿವ್ ತಾಯಿಯ ರಕ್ತದ ಪ್ರತಿಕಾಯಗಳು ಮಗುವಿನ ರಕ್ತಕಣಗಳನ್ನು ಒಡೆದಾಗ ಇದು ಬರಬಹುದು.

ಮೂರು ವರ್ಗಗಳು

ಒಬ್ಬೊಬ್ಬ ವೈದ್ಯ ಒಂದೊಂದು ಹೆಸರಿನಿಂದ ಕರೆಯುತ್ತಿದ್ದ ಈ ಚಿತ್ರಗಳಿಗೆ ಅಮೆರಿಕದ ಮಕ್ಕಳ ಆರೋಗ್ಯ ಸಂಸ್ಥೆಯೊಂದು ತಜ್ಞರನ್ನು ಸೇರಿಸಿ 1997ರಲ್ಲಿ ಸಮಾನ ವ್ಯಾಖ್ಯೆಗಳನ್ನು ಕೊಟ್ಟಿತು. 2008ರಲ್ಲಿ ಅದೇ ಸಂಸ್ಥೆ ಅಲ್ಲಿನ ಪ್ರಸೂತಿ ತಜ್ಞರ ಸಂಘಗಳೊಡನೆ ಕೂತು ಮೂರು ವರ್ಗಗಳ ಪದ್ಧತಿಯನ್ನು ರೂಪಿಸಿತು.

ಮೊದಲ ವರ್ಗಕ್ಕೆ ಸೇರಬೇಕಾದರೆ ಮೂಲ ದರ 110ರಿಂದ 160ರೊಳಗಿರಬೇಕು, ಏರಿಳಿತ ಸಾಧಾರಣ ಮಟ್ಟದ್ದಿರಬೇಕು, ಲೇಟ್ ಆಗಲಿ ವೇರಿಯಬಲ್ ಆಗಲಿ ಇರಕೂಡದು. ಅರ್ಲಿ ಇದ್ದರೂ ನಡೆದೀತು. ಇಂಥ ರೇಖೆ ಕಂಡರೆ ಮಗು ಚೆನ್ನಾಗಿದೆ, ಎಂದಿನಂತೆ ನೋಡಿಕೊಂಡರೆ ಸಾಕು.

ಮೂರನೆಯ ವರ್ಗ ಅದರ ತದ್ವಿರುದ್ಧ. ಏರಿಳಿತ ಪೂರ್ತಿ ಇಲ್ಲವಾಗಿರಬೇಕು, ಅದರ ಜೊತೆಗೆ ಮರುಕಳಿಸುವ ಲೇಟ್, ಮರುಕಳಿಸುವ ವೇರಿಯಬಲ್, ಇಲ್ಲವೇ 110ರ ಕೆಳಗೆ ನಿಂತ ಬಡಿತ, ಇವುಗಳಲ್ಲಿ ಒಂದಾದರೂ ಇರಬೇಕು. ಮರುಕಳಿಸುವುದು ಎಂದರೆ 20 ನಿಮಿಷದಲ್ಲಿ ಬಂದ ನೋವುಗಳಲ್ಲಿ ಅರ್ಧಕ್ಕಾದರೂ ಇಳಿಕೆ ಕಾಣುವುದು. ಸೈನುಸಾಯ್ಡಲ್ ಒಂದೇ ಇದ್ದರೂ ಮೂರನೆಯ ವರ್ಗವೇ. ಕಾರಣ ಹುಡುಕಿ ಸರಿಪಡಿಸಲು ಯತ್ನಿಸುತ್ತಲೇ ಮಗುವನ್ನು ಹೊರತೆಗೆಯುವ ಸಿದ್ಧತೆಯನ್ನೂ ಮಾಡಬೇಕು.

ಇವೆರಡಕ್ಕೂ ಸೇರದ್ದೆಲ್ಲ ಎರಡನೆಯ ವರ್ಗ. ಪದ್ಧತಿಯ ಬಲವೂ ದೌರ್ಬಲ್ಯವೂ ಇಲ್ಲೇ. ಹೆರಿಗೆಯಾಗುವ ನೂರು ಹೆಂಗಸರಲ್ಲಿ 80ಕ್ಕೂ ಹೆಚ್ಚು ಮಂದಿಯ ರೇಖೆ ಒಂದಲ್ಲ ಒಂದು ಹೊತ್ತಿನಲ್ಲಿ ಈ ವರ್ಗದಲ್ಲಿರುತ್ತದೆ ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಮೂರನೆಯ ವರ್ಗ ಕಂಡದ್ದು ಸಾವಿರಕ್ಕೆ ಒಬ್ಬರಲ್ಲಿ. ಹೀಗಾಗಿ "ಎರಡನೆಯ ವರ್ಗ" ಎಂಬ ಹೆಸರಿಟ್ಟ ಮಾತ್ರಕ್ಕೆ ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಕ್ಷಣಕಾಲ ಏರಿಳಿತ ತಗ್ಗಿದ ನಿದ್ದೆಯ ಮಗುವೂ ಅಲ್ಲಿದೆ, ಮೂರನೆಯ ವರ್ಗದ ಹೊಸ್ತಿಲಲ್ಲಿರುವ ಮಗುವೂ ಅಲ್ಲೇ ಇದೆ.

ಬೇರೆಯವರು ಬೇರೆ ಗೆರೆ ಎಳೆದಿದ್ದಾರೆ. ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ ಫಿಗೊ 1987ರಲ್ಲಿ ಮೊದಲ ಮಾರ್ಗಸೂಚಿ ತಂದು 2015ರಲ್ಲಿ ಪರಿಷ್ಕರಿಸಿತು. ಅದರ ಪ್ರಕಾರ ರೇಖೆ ಸಹಜ, ಸಂಶಯಾಸ್ಪದ, ರೋಗಸೂಚಕ ಎಂದು ಮೂರು ಬಗೆ. ಏರಿಳಿತ 50 ನಿಮಿಷಕ್ಕೂ ಹೆಚ್ಚು ಕಾಲ ತಗ್ಗಿದ್ದರೆ, ಇಲ್ಲವೇ ಒಂದೇ ಒಂದು ಇಳಿಕೆ 5 ನಿಮಿಷ ದಾಟಿದರೆ ರೋಗಸೂಚಕ. ಹೊತ್ತನ್ನು ಹೀಗೆ ಸ್ಪಷ್ಟವಾಗಿ ಹೇಳಿರುವುದು ಫಿಗೊ ಪದ್ಧತಿಯ ಹೆಚ್ಚುಗಾರಿಕೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಬಿಳಿ, ಹಳದಿ, ಕೆಂಪು ಬಣ್ಣಗಳನ್ನು ಬಳಸುತ್ತದೆ. ಜಪಾನಿನಲ್ಲಿ ಐದು ಹಂತಗಳಿವೆ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಅಮೆರಿಕದ ಪಠ್ಯ ಓದಿದವರು ಮೂರು ವರ್ಗಗಳನ್ನೂ ಬ್ರಿಟಿಷ್ ಪರೀಕ್ಷೆ ಬರೆದವರು ನೈಸ್ ಪದ್ಧತಿಯನ್ನೂ ಬಳಸುವುದುಂಟು. ಯಾವುದಾದರೂ ಸರಿ, ಒಂದು ಹೆರಿಗೆ ಕೋಣೆಯಲ್ಲಿ ಎಲ್ಲರೂ ಒಂದೇ ಪದ್ಧತಿಯಲ್ಲಿ ಮಾತಾಡಬೇಕು. ರಾತ್ರಿ ಪಾಳಿಯವರು ಹಳದಿ ಎಂದು ಬರೆದದ್ದನ್ನು ಬೆಳಗಿನವರು ಎರಡನೆಯ ವರ್ಗ ಎಂದು ಓದಿದರೆ ನಡುವೆ ಕೆಟ್ಟ ಸುದ್ದಿಯೊಂದು ಕಳೆದುಹೋಗಬಹುದು.

ನಡುವಿನ ವರ್ಗದಲ್ಲಿ ಮಾಡುವುದೇನು

ಮೊದಲ ಕೆಲಸ ತಾಯಿಯನ್ನು ಎಡಮಗ್ಗುಲಿಗೆ ತಿರುಗಿಸುವುದು. ಅಂಗಾತ ಮಲಗಿದಾಗ ಗರ್ಭಕೋಶದ ಭಾರ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಮಾಸಿಗೆ ಬರುವ ರಕ್ತ ಕಡಿಮೆಯಾಗುತ್ತದೆ. ಮಗ್ಗುಲು ಬದಲಿಸಿದರೆ ಒತ್ತಿಕೊಂಡ ಬಳ್ಳಿಯೂ ಕೆಲವೊಮ್ಮೆ ಸಡಿಲವಾಗುತ್ತದೆ. ಎರಡನೆಯದು ನೋವು ಬರಿಸುವ ಡ್ರಿಪ್ ಕಡೆ ನೋಡುವುದು. "ಗ್ಲೂಕೋಸ್ ಹಾಕಿ ನೋವು ಬರಿಸ್ತಾರೆ" ಎಂದು ಜನ ಹೇಳುವ ಆ ಬಾಟಲಿಯಲ್ಲಿ ಆಕ್ಸಿಟೋಸಿನ್ ಇರುತ್ತದೆ. ಸರಾಸರಿ 10 ನಿಮಿಷಕ್ಕೆ 5ಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ ಮಗುವಿಗೆ ಏಳಲು ಬಿಡುವೇ ಇಲ್ಲ. ಡ್ರಿಪ್ ತಗ್ಗಿಸಿದರೆ, ನಿಲ್ಲಿಸಿದರೆ ಎಷ್ಟೋ ರೇಖೆಗಳು ತಾವಾಗಿ ಸುಧಾರಿಸುತ್ತವೆ. ಅಗತ್ಯವಿದ್ದರೆ ಗರ್ಭಕೋಶ ಸಡಿಲಿಸಲು ಟರ್ಬುಟಲಿನ್ ಚುಚ್ಚುಮದ್ದು ಕೊಡುತ್ತಾರೆ. ನೋವು ತಗ್ಗಿಸಲು ಬೆನ್ನಿಗೆ ಎಪಿಡ್ಯೂರಲ್ ಚುಚ್ಚುಮದ್ದು ಕೊಟ್ಟ ಮೇಲೆ ತಾಯಿಯ ಬಿಪಿ ಇಳಿದಿದ್ದರೆ ಅದನ್ನು ಸರಿಪಡಿಸುತ್ತಾರೆ. ಒಳಪರೀಕ್ಷೆ ಮಾಡಿ ಬಳ್ಳಿ ಜಾರಿ ಕೆಳಗೆ ಬಂದಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಅದೇ ಹೊತ್ತಿನಲ್ಲಿ ಮಗುವಿನ ನೆತ್ತಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡುವುದೂ ಉಂಟು. ಬಡಿತ ಏರಿದರೆ ಮಗುವಿಗೆ ಇನ್ನೂ ಶಕ್ತಿಯಿದೆ ಎಂದರ್ಥ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆ ತುಂಬ ನೆಚ್ಚಿಕೊಳ್ಳುವಂಥದ್ದು. ತಾಯಿಗೆ ಆಮ್ಲಜನಕದ ಮಾಸ್ಕ್ ಹಾಕುವ ಹಳೆಯ ರೂಢಿ ಮಾತ್ರ ಹಿಂದೆ ಸರಿಯುತ್ತಿದೆ. ತಾಯಿಯ ರಕ್ತದಲ್ಲಿ ಆಮ್ಲಜನಕ ಸರಿಯಾಗಿಯೇ ಇದ್ದರೆ ಮಾಸ್ಕಿನಿಂದ ಮಗುವಿಗೆ ಲಾಭವಾಗುವುದು ಪ್ರಯೋಗಗಳಲ್ಲಿ ಕಂಡುಬಂದಿಲ್ಲ.

ಇಷ್ಟೆಲ್ಲ ಮಾಡಿ ಮತ್ತೆ ರೇಖೆ ನೋಡಬೇಕು. ಅರ್ಧ ಗಂಟೆಯ ಹಿಂದಿನ ಕಾಗದದ ಪಕ್ಕ ಈಗಿನದ್ದನ್ನು ಇಟ್ಟು ನೋಡಿದಾಗ ಮೂಲ ದರ ಮೇಲೇರುತ್ತಿದೆಯೇ, ಹೊಂಡಗಳು ಅಗಲವಾಗುತ್ತಿವೆಯೇ, ಹಲ್ಲುಗಳು ಸವೆಯುತ್ತಿವೆಯೇ ಎಂಬುದು ತಿಳಿಯುತ್ತದೆ. ವರ್ಗ ಎನ್ನುವುದು ಆ ಹೊತ್ತಿನದ್ದು ಮಾತ್ರ. ಅದು ಗಂಟೆಯೊಳಗೆ ಬದಲಾಗಬಹುದು, ಎರಡೂ ದಿಕ್ಕಿಗೆ. ಹೆರಿಗೆ ಎಷ್ಟು ಮುಂದುವರಿದಿದೆ ಎಂಬುದನ್ನೂ ಇದರ ಜೊತೆ ತೂಗಬೇಕು. ಇದೇ ರೇಖೆ ಗರ್ಭಕೋಶದ ಬಾಯಿ ಪೂರ್ತಿ ತೆರೆದು ತಲೆ ಕಾಣುತ್ತಿರುವಾಗ ಕಂಡರೆ ಹತ್ತು ನಿಮಿಷದಲ್ಲಿ ಮಗು ಕೈಗೆ ಬರುತ್ತದೆ. ಮೂರು ಸೆಂಟಿಮೀಟರ್ ತೆರೆದಾಗ ಕಂಡರೆ ಮುಂದಿನ ಹಾದಿ ದೂರವಿದೆ.

ಯಂತ್ರ ಕೊಟ್ಟದ್ದೆಷ್ಟು

ಬಿಡದೆ ರೇಖೆ ತೆಗೆದರೆ ಮೆದುಳಿಗೆ ಪೆಟ್ಟಾಗುವ ಮಕ್ಕಳ ಸಂಖ್ಯೆ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಡಬ್ಲಿನ್‌ನಲ್ಲಿ ಸುಮಾರು 13,000 ಹೆರಿಗೆಗಳ ಮೇಲೆ ನಡೆದು 1985ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಯಂತ್ರದ ಗುಂಪಿನಲ್ಲಿ ಹುಟ್ಟಿದ ಮೇಲೆ ಫಿಟ್ಸ್ ಬಂದ ಮಕ್ಕಳು 12, ಆಗಾಗ ಕಿವಿಗೊಟ್ಟು ಕೇಳಿದ ಗುಂಪಿನಲ್ಲಿ 27. ಆಶೆ ಹುಟ್ಟಿಸುವ ಅಂಕಿಯೇ. ಆದರೆ ಮುಂದೆ ಆ ಮಕ್ಕಳನ್ನು ಹಿಂಬಾಲಿಸಿ ನೋಡಿದಾಗ, ಮೆದುಳಿನ ಪೆಟ್ಟಿನಿಂದ ಚಲನೆಗೆ ಅಡ್ಡಿಯಾಗುವ ಸೆರೆಬ್ರಲ್ ಪಾಲ್ಸಿಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. 37,000ಕ್ಕೂ ಹೆಚ್ಚು ಹೆಂಗಸರ ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಮೀಕ್ಷೆಯೂ ಅದನ್ನೇ ಹೇಳಿತು: ಫಿಟ್ಸ್ ಅರ್ಧಕ್ಕಿಳಿಯಿತು, ಶಿಶುಮರಣ ಇಳಿಯಲಿಲ್ಲ, ಸೆರೆಬ್ರಲ್ ಪಾಲ್ಸಿ ಇಳಿಯಲಿಲ್ಲ, ಸಿಸೇರಿಯನ್ ಮಾತ್ರ ಒಂದೂವರೆ ಪಟ್ಟಿಗೂ ಮೀರಿ ಹೆಚ್ಚಿತು. ರೇಖೆಯನ್ನು ಕಂಪ್ಯೂಟರಿನಿಂದ ಓದಿಸಿ ಎಚ್ಚರಿಕೆ ಕೊಡಿಸಿದರೂ ಫಲಿತಾಂಶ ಸುಧಾರಿಸಲಿಲ್ಲ ಎಂಬುದು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 46,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಇನ್‌ಫೆಂಟ್ ಪ್ರಯೋಗದ ತೀರ್ಮಾನ.

ಕಾರಣ ಸ್ಪಷ್ಟವಿದೆ. ಸಹಜ ರೇಖೆ ಕೊಡುವ ಭರವಸೆ ನಂಬಲರ್ಹ. ಕೆಟ್ಟ ರೇಖೆ ಕೊಡುವ ಎಚ್ಚರಿಕೆಯಲ್ಲಿ ಹುಸಿಯೇ ಹೆಚ್ಚು, ಏಕೆಂದರೆ ಅಂಥ ರೇಖೆಯ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ಒಂದೇ ಕಾಗದವನ್ನು ಇಬ್ಬರು ತಜ್ಞರಿಗೆ ಕೊಟ್ಟರೆ ಎರಡು ಅಭಿಪ್ರಾಯ ಬರುವುದೂ ಅಪರೂಪವಲ್ಲ. ಸೆರೆಬ್ರಲ್ ಪಾಲ್ಸಿಗೆ ಹೆರಿಗೆಗೂ ಮುಂಚಿನ ಕಾರಣಗಳೇ ಹೆಚ್ಚು ಎಂಬುದೂ ಈಗ ತಿಳಿದಿದೆ. ನಿಜವಾಗಿ ಆಮ್ಲಜನಕ ಕಡಿಮೆಯಾಗಿತ್ತೇ ಎಂಬುದು ಹುಟ್ಟಿದೊಡನೆ ಬಳ್ಳಿಯ ರಕ್ತವನ್ನು ಪರೀಕ್ಷಿಸಿದಾಗ ಗೊತ್ತಾಗುತ್ತದೆ. ಅಪಧಮನಿಯ ರಕ್ತದ ಪಿಎಚ್ 7.0ಕ್ಕಿಂತ ಕೆಳಗಿದ್ದರೆ ಚಿಂತಿಸಬೇಕು.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ, ತೊಂದರೆಯಿಲ್ಲದ ಗರ್ಭಿಣಿಗೆ ನೋವು ತಾನಾಗಿ ಬಂದಿದ್ದರೆ ನಿರಂತರ ಸಿಟಿಜಿ ಬೇಡ, ಡಾಪ್ಲರ್ ಅಥವಾ ಪಿನಾರ್ಡ್ ಕೊಳವೆಯಿಂದ ಆಗಾಗ ಕೇಳಿದರೆ ಸಾಕು ಎಂದಿತು. 2020ರಲ್ಲಿ ಅದು ಹೊರತಂದ ಲೇಬರ್ ಕೇರ್ ಗೈಡ್ ಎಂಬ ನಮೂನೆಯಲ್ಲಿ, ಚುರುಕು ನೋವು ಶುರುವಾದ ಮೇಲೆ ಪ್ರತಿ 30 ನಿಮಿಷಕ್ಕೆ, ಮುಕ್ಕುವ ಹಂತದಲ್ಲಿ ಪ್ರತಿ 5 ನಿಮಿಷಕ್ಕೆ ಬಡಿತ ಬರೆಯಬೇಕು. ಪೂರ್ತಿ ಒಂದು ನಿಮಿಷ, ನೋವಿನ ಕೊನೆಯಿಂದ ಕೇಳಬೇಕು. ಲೇಟ್ ಇಳಿಕೆ ಸಿಕ್ಕಿಬೀಳುವುದು ಆ ನಿಮಿಷದಲ್ಲೇ. ಬಿಪಿ, ಸಕ್ಕರೆ ಕಾಯಿಲೆ, ಬೆಳವಣಿಗೆ ಕುಂಠಿತವಾದ ಮಗು, ಹಿಂದಿನ ಸಿಸೇರಿಯನ್, ನೀರಿನಲ್ಲಿ ಹಸಿರು ಬಣ್ಣ, ಆಕ್ಸಿಟೋಸಿನ್ ಡ್ರಿಪ್ ಇದ್ದವರಿಗೆ ಯಂತ್ರದ ನಿಗಾ ಇಡುವುದು ಸಾಮಾನ್ಯ ಪದ್ಧತಿ.

ನಮ್ಮ ಹೆರಿಗೆ ಕೋಣೆಗಳಲ್ಲಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ 97% ಹೆರಿಗೆ ಆಸ್ಪತ್ರೆಗಳಲ್ಲಿ ಆಗಿದ್ದವು. 31.5% ಹೆರಿಗೆ ಸಿಸೇರಿಯನ್. ಅಂದರೆ ಮನೆಯ ಹೆರಿಗೆಯ ಕಾಲ ಮುಗಿದಿದೆ. ಇನ್ನು ಉಳಿದ ಪ್ರಶ್ನೆ ಆಸ್ಪತ್ರೆಯೊಳಗೆ ಯಾರು, ಎಷ್ಟು ಹೊತ್ತಿಗೊಮ್ಮೆ, ಹೇಗೆ ನೋಡುತ್ತಾರೆ ಎಂಬುದು. ಸರ್ಕಾರಿ ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ಸರ್ಕಾರ 2017ರಲ್ಲಿ ಲಕ್ಷ್ಯ ಕಾರ್ಯಕ್ರಮ ಆರಂಭಿಸಿತು. ಲೇಬರ್ ಕೇರ್ ಗೈಡ್‌ನ ಉಪಯೋಗ ಪರೀಕ್ಷಿಸಲು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ಸೇರಿ ದೇಶದ ನಾಲ್ಕು ಆಸ್ಪತ್ರೆಗಳಲ್ಲಿ ನಡೆಸಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಚೊಚ್ಚಲ ಹೆರಿಗೆಗೆ ತಾನಾಗಿ ನೋವು ಬಂದ ಹೆಂಗಸರಲ್ಲಿ ಸಿಸೇರಿಯನ್ ಸುಮಾರು 45%ರಿಂದ 40%ಕ್ಕೆ ಇಳಿದಿತ್ತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಆ ಇಳಿಕೆ ಖಚಿತವೆನ್ನುವಷ್ಟು ಗಟ್ಟಿಯಾಗಿರಲಿಲ್ಲ, ಆದರೆ ದಿಕ್ಕು ಒಳ್ಳೆಯದು.

ಹೆರಿಗೆಯಲ್ಲಿ ಉಸಿರುಕಟ್ಟಿದ ಮಗುವಿಗೆ ಆಮೇಲೆ ಚಿಕಿತ್ಸೆ ಕೊಡಬಹುದಲ್ಲ ಎಂಬ ಸಮಾಧಾನಕ್ಕೂ ನಮ್ಮಲ್ಲಿ ಎಡೆಯಿಲ್ಲ. ಶ್ರೀಮಂತ ದೇಶಗಳಲ್ಲಿ ಇಂಥ ಶಿಶುವಿನ ಮೈಯನ್ನು 72 ಗಂಟೆ 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿ ಮೆದುಳನ್ನು ಕಾಪಾಡುತ್ತಾರೆ. ಬೆಂಗಳೂರಿನ ಆಸ್ಪತ್ರೆಗಳೂ ಸೇರಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಹೀಲಿಕ್ಸ್ ಪ್ರಯೋಗದಲ್ಲಿ ತಂಪುಗೊಳಿಸಿದ ಗುಂಪಿನಲ್ಲೇ ಸಾವು ಹೆಚ್ಚಾಗಿತ್ತು. ಹೆರಿಗೆ ನೋವಿನ ಹೊತ್ತಿನಲ್ಲೇ ತಡೆಯಬೇಕು.

ತಡೆಯಲು ಬೇಕಾದದ್ದು ಜನ. ಸೆರೆಬ್ರಲ್ ಪಾಲ್ಸಿಯ ಮಟ್ಟಿಗೆ ಕಿವಿಗೊಟ್ಟು ಕೇಳುವುದು ಯಂತ್ರಕ್ಕೆ ಸಮ ಎಂದು ತೋರಿಸಿದ ಡಬ್ಲಿನ್ ಪ್ರಯೋಗದಲ್ಲಿ ಪ್ರತಿ ತಾಯಿಯ ಪಕ್ಕದಲ್ಲೂ ಒಬ್ಬ ನರ್ಸ್ ಇದ್ದಳು. ರಾತ್ರಿ ಪಾಳಿಯಲ್ಲಿ ಒಬ್ಬ ಸ್ಟಾಫ್ ನರ್ಸ್ ಐದಾರು ಹೆಂಗಸರ ನಡುವೆ ಓಡಾಡುವ ಕೋಣೆಗೆ ಆ ಫಲಿತಾಂಶವನ್ನು ಹಾಗೇ ತಂದು ಹಚ್ಚಲಾಗದು. ಯಂತ್ರ ತಂದಿಟ್ಟರೂ ಅದರಿಂದ ಹೊರಬರುವ ಕಾಗದವನ್ನು ಓದುವ ಕಣ್ಣು ಬೇಕೇ ಬೇಕು. ಹೊಸ ಸಿಟಿಜಿ ಯಂತ್ರಕ್ಕೆ ಹಣ ಮಂಜೂರು ಮಾಡುವವರು ಅದೇ ಕಡತದಲ್ಲಿ ನರ್ಸ್ ಹುದ್ದೆಯನ್ನೂ ತರಬೇತಿಯನ್ನೂ ಸೇರಿಸಬೇಕು.

ಮನೆಯವರಿಗೆ

ಎಂಟು ಒಂಬತ್ತನೆಯ ತಿಂಗಳಲ್ಲಿ ತಪಾಸಣೆಗೆ ಹೋದಾಗ ಪಟ್ಟಿ ಕಟ್ಟಿ ಮಾಡುವ ಎನ್‌ಎಸ್‌ಟಿಯೂ ಇದೇ ಯಂತ್ರದ್ದು, ಆದರೆ ಆಗ ನೋವಿಲ್ಲದಿರುವುದರಿಂದ ಓದುವ ನಿಯಮ ಬೇರೆ. ಅದು ಚೆನ್ನಾಗಿತ್ತು ಎಂಬ ಕಾರಣಕ್ಕೆ ಹೆರಿಗೆಯಲ್ಲೂ ಚೆನ್ನಾಗಿಯೇ ಇರುತ್ತದೆ ಎನ್ನಲಾಗದು. ಮಗುವಿನ ಅಲುಗಾಟ ಕಡಿಮೆಯಾಗಿದ್ದರೆ, ನೀರು ಹಸಿರಾಗಿ ಹೋಗಿದ್ದರೆ, ಜ್ವರವಿದ್ದರೆ ವಾರ್ಡಿಗೆ ಕಾಲಿಟ್ಟೊಡನೆ ಹೇಳಿ. ಯಾರಾದರೂ ಕೇಳಲಿ ಎಂದು ಕಾಯಬೇಡಿ.

ಬಡಿತ ಇಳಿಯುತ್ತಿದೆ ಎಂದು ವೈದ್ಯರು ಹೇಳಿದಾಗ ಕೇಳಬಹುದಾದ ಪ್ರಶ್ನೆಗಳಿವೆ. ನೋವು ಹೋದ ಮೇಲೆ ಬಡಿತ ಮತ್ತೆ ಏರುತ್ತಿದೆಯೇ? ನಡುವೆ ರೇಖೆಯ ಏರಿಳಿತ ಹೇಗಿದೆ? ಮಗ್ಗುಲು ತಿರುಗಿಸಿ, ಡ್ರಿಪ್ ನಿಲ್ಲಿಸಿ ನೋಡಿದಿರಾ? ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಒಂದು ನಿಮಿಷದಲ್ಲಿ ಉತ್ತರಿಸುತ್ತಾರೆ. ಆದರೆ ಬಳ್ಳಿ ಜಾರಿದೆ, ಬಡಿತ ಇಳಿದದ್ದು ಏರುತ್ತಿಲ್ಲ ಎಂದರೆ ಪ್ರಶ್ನೆಗೆ ಸಮಯವಿಲ್ಲ. ಊರಿನಿಂದ ಮಾವನವರು ಬರಲಿ, ಅಣ್ಣನಿಗೆ ಫೋನು ಹಚ್ಚೋಣ ಎಂದು ಕಾಯುವ ಹತ್ತು ನಿಮಿಷ ಮಗುವಿನ ಇಡೀ ಬದುಕಿನ ಬೆಲೆ ಕೇಳಬಹುದು. ಹದಿನೆಂಟು ತುಂಬಿದ ಹೆಣ್ಣಿನ ಒಪ್ಪಿಗೆಗೆ ಅವಳ ಸಹಿಯೇ ಸಾಕು. ಅವಳನ್ನೇ ಕೇಳಿ, ಸಹಿ ತಡಮಾಡಬೇಡಿ.